ಜಾತಿ ಕೇಳಿ ಮದ್ದೋ, ರಕ್ತ ನೋಡಿ ಮದ್ದೋ?

(ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಗಳಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಮಾರುಕಟ್ಟೆ ದರಗಳ ಮಾತಾಡಬೇಕಾದ ಸಭೆಯಲ್ಲಿ ಔಷಧದ ಮಾತೇಕೆ ಎಂದು ಕೆಲವರು ಕೇಳಬಹುದು. ದುಡಿಯುವವನಿಗೆ ಮೈಯೇ ಬಂಡವಾಳ. ಆ ಮೈಗೆ ಯಾವ ಮದ್ದು ಹಾಕುತ್ತಾರೆ, ಏನು ವಿಚಾರಿಸಿ ಹಾಕುತ್ತಾರೆ ಎಂಬುದು ಕೂಲಿಯಷ್ಟೇ ನಮ್ಮ ಹಕ್ಕಿನ ಪ್ರಶ್ನೆಯಾಗಿದೆ.

ಒಂದೇ ಮದ್ದು ಎಲ್ಲರ ಮೈಯಲ್ಲಿಯೂ ಒಂದೇ ಬಗೆಯಾಗಿ ಕೆಲಸ ಮಾಡುವುದಿಲ್ಲ. ಮದ್ದನ್ನು ಒಡೆದು ಮುಗಿಸುವ ಕಿಣ್ವಗಳು ನಮ್ಮ ರಕ್ತದಲ್ಲಿಯೂ ಪಿತ್ತಜನಕಾಂಗದಲ್ಲಿಯೂ ಇವೆ. ಆ ಕಿಣ್ವ ಹೇಗಿರಬೇಕೆಂದು ನಿರ್ಧರಿಸುವುದು ವಂಶವಾಹಿ, ಅಂದರೆ ಜೀನು. ಅದು ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ ಬರುತ್ತದೆ. ಇದನ್ನು ಮೊದಲೇ ಪರೀಕ್ಷಿಸಿ ತಕ್ಕ ಮದ್ದನ್ನು ಆರಿಸುವ ವಿದ್ಯೆ ಈಗ ಬೆಳೆದಿದೆ.

ಉದಾಹರಣೆಗೆ ಅಮೆರಿಕೆಗೆ ಹೋಗಬೇಕಾಗಿಲ್ಲ. ನಮ್ಮ ಪೇಟೆಬೀದಿಯೇ ಸಾಕು. ಅಂಗಡಿ ಇಟ್ಟುಕೊಂಡಿರುವ ಆರ್ಯವೈಶ್ಯ ಬಂಧುಗಳು ಕೆಲವರಿಗೆ ಇದು ಗೊತ್ತಿರಲೂಬಹುದು. ಶಸ್ತ್ರಕ್ರಿಯೆಯ ಮೊದಲು ಗಂಟಲಲ್ಲಿ ಉಸಿರಿನ ನಳಿಗೆ ಇಳಿಸಲು ಸಕ್ಸಿನೈಲ್‌ಕೋಲಿನ್ ಎಂಬ ಮದ್ದನ್ನು ಚುಚ್ಚುವುದುಂಟು. ಅದು ಮೈಯ ಸ್ನಾಯುಗಳನ್ನೆಲ್ಲ ಸಡಿಲಿಸುತ್ತದೆ. ಸಾಮಾನ್ಯವಾಗಿ ರಕ್ತದ ಒಂದು ಕಿಣ್ವ ಅದನ್ನು ಐದು ಹತ್ತು ನಿಮಿಷಗಳಲ್ಲಿ ಒಡೆದುಹಾಕುತ್ತದೆ. ಆ ಕಿಣ್ವವಿಲ್ಲದವರಲ್ಲಿ ಮದ್ದಿನ ಪ್ರಭಾವ ಗಂಟೆಗಟ್ಟಲೆ ನಿಲ್ಲುತ್ತದೆ. ರೋಗಿ ತಾನಾಗಿ ಉಸಿರಾಡಲಾರ. ವೈದ್ಯರಿಗೆ ಮೊದಲೇ ತಿಳಿದಿದ್ದರೆ ಬೇರೆ ಮದ್ದು ಹಾಕುತ್ತಾರೆ. ತಿಳಿಯದೆ ಹಾಕಿದರೂ ಯಂತ್ರದಿಂದ ಉಸಿರು ಕೊಡುತ್ತ ಕಾದರೆ ರೋಗಿ ಉಳಿಯುತ್ತಾನೆ. ಯಂತ್ರವೂ ಇಲ್ಲ, ತಿಳಿವಳಿಕೆಯೂ ಇಲ್ಲವೆಂದರೆ ಜೀವಕ್ಕೇ ಅಪಾಯ. ಈ ಕೊರತೆ ವೈಶ್ಯ ಸಮುದಾಯದಲ್ಲಿ ಇತರರಿಗಿಂತ ಬಹಳ ಹೆಚ್ಚಾಗಿದೆ ಎಂಬುದೂ, ಅದಕ್ಕೆ ಕಾರಣವಾದ ಜೀನಿನ ಬದಲಾವಣೆ ಯಾವುದೆಂಬುದೂ 2006ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಗೊತ್ತಾಗಿದೆ. ಅನೇಕ ತಲೆಮಾರು ತಮ್ಮತಮ್ಮೊಳಗೇ ಸಂಬಂಧ ಬೆಳೆಸಿದ ಸಮುದಾಯಗಳಲ್ಲಿ ಇಂಥದು ಉಳಿದುಬರುತ್ತದೆ. ಇದು ಯಾರ ತಪ್ಪೂ ಅಲ್ಲ, ಕಳಂಕವೂ ಅಲ್ಲ.

ಆದಕಾರಣ ಅರಿವಳಿಕೆ ವೈದ್ಯರು ಕೆಲವೆಡೆ "ನೀವು ವೈಶ್ಯರೇ?" ಎಂದು ಕೇಳುತ್ತಾರೆ. ಕೇಳುವ ಉದ್ದೇಶ ಒಳ್ಳೆಯದೇ. ಆದರೆ ಮಂಚದ ಮೇಲೆ ಮಲಗಿದವನ ಕಿವಿಗೆ ಅದು ಹೇಗೆ ಬೀಳುತ್ತದೆ? ಕಾರಣ ಹೇಳದೆ ಜಾತಿ ಕೇಳಿದರೆ ಮನುಷ್ಯ ಮುದುರಿಕೊಳ್ಳುತ್ತಾನೆ. ಈ ದೇಶದಲ್ಲಿ ಜಾತಿ ಕೇಳಿದವರೆಲ್ಲ ಪ್ರಾಣ ಉಳಿಸಲು ಕೇಳಿದವರಲ್ಲ. ದಲಿತನಿಗೆ, ಮುಸಲ್ಮಾನನಿಗೆ, ತಾಂಡಾದ ಲಂಬಾಣಿಗೆ ಈ ಅನುಮಾನ ಇನ್ನೂ ಆಳವಾದದ್ದು. "ನಮ್ಮ ರಕ್ತದಲ್ಲಿ ದೋಷವಿದೆ ಎನ್ನುತ್ತಾರೆಯೇ? ಮಗಳ ಮದುವೆ ನಿಂತೀತೇ? ಕೆಲಸ ಹೋದೀತೇ? ನಮ್ಮನ್ನು ಪ್ರಯೋಗದ ಇಲಿ ಮಾಡುತ್ತಾರೆಯೇ?" ಇವು ಅಜ್ಞಾನದ ಪ್ರಶ್ನೆಗಳಲ್ಲ.

ಪ್ರಪಂಚದ ಅನುಭವ ನೋಡಿ. ಅಮೆರಿಕೆಯ ಅರಿಜೋನದಲ್ಲಿ ಹವಸುಪಾಯಿ ಎಂಬ ಪುಟ್ಟ ಆದಿವಾಸಿ ಜನಾಂಗ ಸಕ್ಕರೆ ಕಾಯಿಲೆಯ ಶೋಧನೆಗೆಂದು ನಂಬಿ ರಕ್ತ ಕೊಟ್ಟಿತು. ಅದೇ ರಕ್ತವನ್ನು ಮಾನಸಿಕ ರೋಗ, ಒಳಸಂಬಂಧ, ವಲಸೆಗಳ ಶೋಧನೆಗೂ ಬಳಸಲಾಯಿತು. ಜನ ನ್ಯಾಯಾಲಯಕ್ಕೆ ಹೋದರು. 2010ರಲ್ಲಿ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಪರಿಹಾರ ಕೊಟ್ಟು, ಉಳಿದ ರಕ್ತವನ್ನು ಹಿಂತಿರುಗಿಸಿತು. ಮಲೇರಿಯದ ಪ್ರಿಮಾಕ್ವಿನ್ ಮಾತ್ರೆ ಕೆಲವರ ಕೆಂಪು ರಕ್ತಕಣಗಳನ್ನು ಒಡೆಯುವುದಕ್ಕೆ ಒಂದು ಕಿಣ್ವದ ಕೊರತೆ ಕಾರಣವೆಂದು 1956ರಲ್ಲಿ ಕಂಡುಹಿಡಿದದ್ದೂ ಇಲಿನಾಯ್ ರಾಜ್ಯದ ಸೆರೆಮನೆಯ ಕೈದಿಗಳಿಗೆ ಮಾತ್ರೆ ಕೊಟ್ಟು ನೋಡಿದ ಪ್ರಯೋಗಗಳಿಂದ. ಆ ಮಾತ್ರೆಗೆ ಹೆಚ್ಚಾಗಿ ನರಳಿದವರು ಕರಿಯ ಕೈದಿಗಳು. ಆ ಜ್ಞಾನದ ಫಲ ಇಂದು ಎಲ್ಲರಿಗೂ ದೊರೆಯುತ್ತಿದೆ. ಬೆಲೆ ತೆತ್ತವರು ಬೇಲಿಯೊಳಗಿದ್ದವರು.

ಹಾಗಾದರೆ ಪರೀಕ್ಷೆಯೇ ಬೇಡವೆನ್ನೋಣವೇ? ಖಂಡಿತ ಕೂಡದು. ಹಾಗೆಂದರೆ ನಷ್ಟ ನಮಗೇ. ಆದರೆ ಜಾತಿಯ ಹೆಸರನ್ನೇ ಪರೀಕ್ಷೆಯೆಂದು ತಿಳಿಯುವುದೂ ಕೂಡದು. ಇಬ್ಬರು ಹೆತ್ತವರಿಂದಲೂ ಕೆಟ್ಟ ಪ್ರತಿ ಬಂದವರಿಗೇ ಆ ತೀವ್ರ ಕೊರತೆ; ಆದ್ದರಿಂದ ಬಹುಪಾಲು ವೈಶ್ಯರಿಗೆ ಅದಿಲ್ಲ. ಬೇರೆ ಜಾತಿಗಳಲ್ಲಿಯೂ ಒಬ್ಬೊಬ್ಬರಿಗೆ ಇದ್ದೇ ಇದೆ. ಪ್ರಿಮಾಕ್ವಿನ್ ಸಹಿಸದ ಕೊರತೆಯಂತೂ ನಮ್ಮ ದೇಶದ ನಾನಾ ಸಮುದಾಯಗಳಲ್ಲಿ ಹರಡಿದೆ. ಜಾತಿ ನೋಡಿ ಮದ್ದು ಹಾಕಿದರೆ ಕೊರತೆಯಿಲ್ಲದವನನ್ನು ಹೆದರಿಸಿದಂತೆ, ಕೊರತೆಯಿದ್ದವನನ್ನು ಕೈಬಿಟ್ಟಂತೆ. ಅಜ್ಜಂಪುರದ ಅಮೃತಮಹಲ್ ಕೇಂದ್ರದಲ್ಲಿ ದನದ ತಳಿಯನ್ನು ನೋಡುವುದು ಸರಿ. ಮನುಷ್ಯನನ್ನು ತಳಿಯೆಂದು ಎಣಿಸದೆ, ಒಬ್ಬೊಬ್ಬನನ್ನೂ ಕೇಳಿ, ಒಬ್ಬೊಬ್ಬನ ರಕ್ತವನ್ನೂ ನೋಡಬೇಕು. ಈ ಎರಡು ಕಿಣ್ವಗಳನ್ನು ಅಳೆಯಲು ಜೀನಿನ ದುಬಾರಿ ಪರೀಕ್ಷೆಯೂ ಬೇಕಿಲ್ಲ. ಸಾಧಾರಣ ರಕ್ತಪರೀಕ್ಷೆಯಲ್ಲೇ ತಿಳಿಯುತ್ತದೆ.

ಜಿನೋಮ್ ಇಂಡಿಯಾ ಯೋಜನೆಯಲ್ಲಿ 83 ಜನಸಮುದಾಯಗಳ ಸುಮಾರು 10,000 ಜನರ ವಂಶವಾಹಿ ಓದಿ, ಆ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಲಾಯಿತು. ಸಂತೋಷ. ಸರ್ಕಾರದ ಹಣದಿಂದ, ಜನರ ರಕ್ತದಿಂದ ಆದ ಈ ಕೆಲಸದ ಫಲ ಪಟ್ಟಣದ ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಬಾರದು. ತಾಲ್ಲೂಕು ಆಸ್ಪತ್ರೆಯ ಮಂಚದವರೆಗೆ ಬರಬೇಕು. ಅದಕ್ಕಾಗಿ ನಮ್ಮ ಬೇಡಿಕೆಗಳು ಇವು:

ಒಂದು, ಈ ಕಿಣ್ವಗಳ ರಕ್ತಪರೀಕ್ಷೆ ಕಡೂರು, ತರೀಕೆರೆ, ಅಜ್ಜಂಪುರಗಳ ಬಡ ರೋಗಿಗೂ ಪುಕ್ಕಟೆಯಾಗಿ ದೊರೆಯಬೇಕು.

ಎರಡು, ರಕ್ತ ತೆಗೆಯುವ ಮೊದಲು ಏಕೆಂದು ರೋಗಿಯ ಮಾತಿನಲ್ಲಿ, ಕನ್ನಡವೋ ಉರ್ದುವೋ ಲಂಬಾಣಿಯೋ, ಹೇಳಿ ಒಪ್ಪಿಗೆ ಪಡೆಯಬೇಕು. ಬೇರೆ ಕೆಲಸಕ್ಕೆ ಬಳಸುವುದಾದರೆ ಮತ್ತೆ ಕೇಳಬೇಕು.

ಮೂರು, ಫಲಿತಾಂಶದ ಚೀಟಿ ರೋಗಿಯ ಕೈಗೆ ಬರಬೇಕು; ಮಾಲೀಕನ ಕೈಗಾಗಲಿ ವಿಮೆಯವನ ಕೈಗಾಗಲಿ ಹೋಗಬಾರದು. ವಂಶವಾಹಿ ಕಾಯಿಲೆಯ ನೆಪ ಹೇಳಿ ಆರೋಗ್ಯ ವಿಮೆಯಲ್ಲಿ ಭೇದ ಮಾಡುವುದು ಸಂವಿಧಾನಕ್ಕೆ ವಿರುದ್ಧವೆಂದು 2018ರಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ಆ ಮಾತು ಗಿರಣಿಯ ಗೇಟಿಗೂ ಸಲ್ಲಬೇಕು.

ಸರ್ಕಾರ ಮಾಡುವವರೆಗೆ ನಾವು ಮಾಡಬೇಕಾದದ್ದೂ ಇದೆ. ಮನೆಯಲ್ಲಿ ಯಾರಾದರೂ ಶಸ್ತ್ರಕ್ರಿಯೆಯಾದ ಮೇಲೆ ಬಹಳ ಹೊತ್ತು ಉಸಿರಾಡಲಾರದೆ ಯಂತ್ರದ ಮೇಲಿದ್ದರೇ, ಮಲೇರಿಯದ ಮಾತ್ರೆ ನುಂಗಿ ಮೂತ್ರ ಕಪ್ಪಾಗಿತ್ತೇ ಎಂದು ಹಿರಿಯರನ್ನು ಕೇಳಿ ಬರೆದಿಡಿ. ಆಸ್ಪತ್ರೆಗೆ ಹೋದಾಗ ವೈದ್ಯರು ಕೇಳದಿದ್ದರೂ ಹೇಳಿ. ಅವರು ಜಾತಿ ಕೇಳಿದರೆ "ಏಕೆ ಸ್ವಾಮಿ?" ಎಂದು ವಿನಯದಿಂದ ಕೇಳಿ, ಕಾರಣ ಹೇಳಿದರೆ ಮರೆಮಾಚಬೇಡಿ. ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಕೇಳುವ ವೈದ್ಯ ಕಾರಣ ಹೇಳಲಿ, ಹೇಳುವ ರೋಗಿ ನಂಬಿ ಹೇಳಲಿ. ಆ ನಂಬಿಕೆಯನ್ನು ಗಳಿಸುವ ಹೊಣೆ ಮೊದಲು ಅಧಿಕಾರ ಕೈಯಲ್ಲಿರುವವರದು. ಅವರು ಅದನ್ನು ಮರೆಯದಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.