ಮಲಗುವ ಕೋಣೆಯಲ್ಲೊಂದು ಗಣಿ

2021ರ ಆರಂಭದಲ್ಲಿ ಚೆನ್ನೈನ ನಮ್ಮ ಫ್ಲ್ಯಾಟಿನಲ್ಲಿ ನಾನೂ ಗಣಿಗಾರಿಕೆ ಮಾಡಿದೆ. ಬಳ್ಳಾರಿಯದಲ್ಲ, ಈಥೀರಿಯಂನದು! ಮಗಳ ಆರ್‌ಡಿ ಮುರಿದು ಗ್ರಾಫಿಕ್ಸ್ ಕಾರ್ಡ್ ಕೊಂಡೆ, ಮನೆಯಲ್ಲಿ ಹೇಳಲಿಲ್ಲ. ಸರಿಹೊಂದುವ ಸಂಖ್ಯೆಯೊಂದು ಸಿಗಲೆಂದು ಅದು ಹಗಲೂ ರಾತ್ರಿ ಊಹಿಸುತ್ತಲೇ ಇರುತ್ತಿತ್ತು. ಪಿಸಿಗೆ 200 ವ್ಯಾಟ್, ಅಂದರೆ ಎರಡು ತಿಂಗಳಿಗೆ 288 ಯೂನಿಟ್. ಎಂ.ಟೆಕ್. ಓದಿದವಳು, ಇಷ್ಟು ಲೆಕ್ಕ ಹಾಕಿದ್ದೆ. ಅಗ್ನಿನಕ್ಷತ್ರದ ಬಿಸಿಲನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೋಣೆ ತಂಪಿಡಲು ಏಸಿ. 500 ಯೂನಿಟ್ ದಾಟಿ ಬಿಲ್ಲಿನ ದರವೇ ಏರಿತು. ಬಿಲ್ ಅತ್ತೆಯ ಕೈಗೆ ಸಿಕ್ಕಿತು. ಬೈಯಲಿಲ್ಲ, ಆ ಬಿಸಿಗಾಳಿಗೆ ಸಂಡಿಗೆ ಒಣಗಿಸಿದರು!

2022ರ ಏಪ್ರಿಲ್‌ನಿಂದ ಲಾಭಕ್ಕೆ ಶೇ. 30 ತೆರಿಗೆ, ಕರೆಂಟಿನ ಖರ್ಚು ಕಳೆಯುವಂತಿಲ್ಲ. ಸೆಪ್ಟೆಂಬರ್ 15ಕ್ಕೆ ಈಥೀರಿಯಂ ಗಣಿಗಾರಿಕೆಯನ್ನೇ ಕೈಬಿಟ್ಟಿತು. ಈಗ ಆ ಕಾರ್ಡಿನಲ್ಲಿ ಮಗಳು ಗೇಮ್ ಆಡುತ್ತಾಳೆ. ಆರ್‌ಡಿ ಮತ್ತೆ ಶುರುವಾಗಿದೆ. ಪಾಸ್‌ಬುಕ್ ಮಾತ್ರ ಅತ್ತೆಯ ಬಳಿ.