ಕೊನೆಯ ಗದ್ದೆಗೂ ನೀರು

ಮಂಡ್ಯದ ಬಳಿಯ ವಿ.ಸಿ. ಫಾರಂ ಎಂಬ ಹೆಸರನ್ನು ನಮ್ಮ ಸೀಮೆಯವರು ದಿನಕ್ಕೆ ಹತ್ತು ಸಲ ಆಡುತ್ತಾರೆ. ಆ ಎರಡಕ್ಷರಗಳ ವಿಸ್ತಾರ ವಿಶ್ವೇಶ್ವರಯ್ಯ ನಾಲೆ ಎಂಬುದು ಎಲ್ಲರ ನೆನಪಿನಲ್ಲಿರಲಾರದು. ಮೊದಲು ಇರ್ವಿನ್ ನಾಲೆ ಎನಿಸಿಕೊಂಡಿದ್ದ ಈ ಕಾಲುವೆಯ ಆಶ್ರಯದಲ್ಲಿ 1931ರಲ್ಲಿ ಕೃಷಿ ಸಂಶೋಧನೆಯ ಕ್ಷೇತ್ರವೊಂದು ಹುಟ್ಟಿತು. 1991ರಲ್ಲಿ ಅಲ್ಲಿಯೇ ಕೃಷಿ ಕಾಲೇಜು ಪ್ರಾರಂಭವಾಯಿತು. ನಿವೃತ್ತನಾದ ಮೇಲೆ ಸಂಜೆಯ ಹೊತ್ತು ಆ ಗದ್ದೆಗಳ ನಡುವಣ ರಸ್ತೆಯಲ್ಲಿ ತಿರುಗಾಡುವುದು ನನ್ನ ರೂಢಿ. ಪ್ರವೇಶದ ಕಾಲ ಬಂದಿತೆಂದರೆ ಮರಗಳ ಕೆಳಗೆ ತಂದೆತಾಯಿಗಳ ಗುಂಪುಗಳು ಕಾಣಿಸಿಕೊಳ್ಳುತ್ತವೆ. ಯಾವ ಗುಂಪಿನ ಬಳಿ ನಿಂತರೂ ಕಿವಿಗೆ ಬೀಳುವ ಮಾತು ಒಂದೇ: ಸೀಟು ಯಾರಿಗೆ ಸಿಕ್ಕಿತು, ಯಾವ ಕೋಟಾದಲ್ಲಿ ಸಿಕ್ಕಿತು, ಅದು ನ್ಯಾಯವೇ?

ಈ ಪ್ರಶ್ನೆ ಇಂದು ನಿನ್ನೆಯದಲ್ಲ. ನಾಲೆಗೆ ಯಾರ ಹೆಸರಿದೆಯೋ ಆ ಮಹನೀಯರ ಕಾಲದಿಂದಲೂ ಅದು ನಮ್ಮೊಡನಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಸರ್ಕಾರಿ ನೌಕರಿಗಳಲ್ಲಿ ಒಂದೇ ಸಮುದಾಯದವರು ತುಂಬಿಕೊಂಡಿದ್ದ ಸ್ಥಿತಿಯನ್ನು ಸರಿಪಡಿಸುವುದು ಹೇಗೆ ಎಂಬುದು ಸಮಿತಿಯ ಮುಂದಿದ್ದ ವಿಷಯ. ದಿವಾನ್ ವಿಶ್ವೇಶ್ವರಯ್ಯನವರು ಇದನ್ನು ಒಪ್ಪಲಿಲ್ಲ. ಹಿಂದುಳಿದವರಿಗೆ ವಿದ್ಯೆ ಕೊಡೋಣ, ಹುದ್ದೆಗೆ ಮಾತ್ರ ಅರ್ಹತೆಯೇ ಅಳತೆಗೋಲಾಗಲಿ ಎಂಬುದು ಅವರ ನಿಲುವು. ಆ ವರ್ಷದ ಕೊನೆಯಲ್ಲಿ ಅವರು ದಿವಾನಗಿರಿಯಿಂದ ನಿರ್ಗಮಿಸಿದರು. ಮಿಲ್ಲರ್ ವರದಿ 1919ರಲ್ಲಿ ಬಂದು, 1921ರಲ್ಲಿ ಆದೇಶವಾಯಿತು. ಇಬ್ಬರ ಪಕ್ಷದಲ್ಲಿಯೂ ದುರುದ್ದೇಶವಿರಲಿಲ್ಲ. ಒಬ್ಬರು ಕಟ್ಟೆಯ ಬಲವನ್ನು ಕುರಿತು ಚಿಂತಿಸಿದರು. ಇನ್ನೊಬ್ಬರು ನೀರು ಯಾರ ಗದ್ದೆಗೆ ಹರಿಯುತ್ತಿದೆ ಎಂಬುದನ್ನು ಕುರಿತು ಚಿಂತಿಸಿದರು.

ಸ್ವಾತಂತ್ರ್ಯಾನಂತರ ವಾದ ಕಾಲೇಜಿನ ಬಾಗಿಲಿಗೆ ಬಂದಿತು. 1962ರ ಜುಲೈ ತಿಂಗಳಲ್ಲಿ ಮೈಸೂರು ಸರ್ಕಾರ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ನೂರಕ್ಕೆ 68 ಸ್ಥಾನಗಳನ್ನು ಕಾದಿರಿಸಿತು. ಎಂ.ಆರ್. ಬಾಲಾಜಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದೇ ವರ್ಷ ಆ ಆದೇಶವನ್ನು ತಳ್ಳಿಹಾಕಿತು. ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆಯಿರಬೇಕು, ಹಿಂದುಳಿದಿರುವಿಕೆಗೆ ಜಾತಿಯೊಂದೇ ಅಳತೆಯಾಗಬಾರದು ಎಂದು ಅದು ಹೇಳಿತು. ಇಡೀ ದೇಶ ಇಂದಿಗೂ ಚರ್ಚಿಸುತ್ತಿರುವ ಅರ್ಧದ ಗೆರೆ ನಮ್ಮ ರಾಜ್ಯದ ಮೊಕದ್ದಮೆಯಿಂದಲೇ ಬಂದದ್ದು. ಅನಂತರ ದೇವರಾಜ ಅರಸರ ಸರ್ಕಾರ 1972ರಲ್ಲಿ ಹಾವನೂರು ಆಯೋಗವನ್ನು ನೇಮಿಸಿತು. 1975ರಲ್ಲಿ ವರದಿ ಬಂದು, 1977ರಲ್ಲಿ ಜಾರಿಯ ಆದೇಶ ಹೊರಟಿತು.

ಮೀಸಲಾತಿಯನ್ನು ವಿರೋಧಿಸುವವರ ಮುಖ್ಯ ಮಾತು ಪ್ರತಿಭೆ. ಆದರೆ ಪ್ರತಿಭೆ ಎಂದರೆ ಅಂಕಪಟ್ಟಿಯೇ? ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ರೈತರ ಮಕ್ಕಳಿಗೆಂದು ಸ್ಥಾನಗಳಿವೆ. ನೂರಕ್ಕೆ 40ರಷ್ಟಿದ್ದ ಆ ಪಾಲನ್ನು 50ಕ್ಕೆ ಏರಿಸುವುದಾಗಿ 2021ರಲ್ಲಿ ಸರ್ಕಾರ ಪ್ರಕಟಿಸಿತು. ಆ ಮಕ್ಕಳಿಗೆ ಪ್ರಾಯೋಗಿಕ ಪರೀಕ್ಷೆಯೊಂದುಂಟು. ಬೀಜವನ್ನು ಕಂಡು ಹೆಸರು ಹೇಳಬೇಕು. ಗೊಬ್ಬರವನ್ನು, ಬೇಸಾಯದ ಸಲಕರಣೆಯನ್ನು ಗುರುತಿಸಬೇಕು. ಕೂರಿಗೆಗೂ ಕುಂಟೆಗೂ ಇರುವ ಭೇದವನ್ನು ಬಲ್ಲ ಹುಡುಗಿಯ ತಿಳಿವು ಭೌತಶಾಸ್ತ್ರದ ಎರಡು ಅಂಕಗಳಿಗಿಂತ ಕೀಳಲ್ಲವೆಂದು ನಾವು ಇಲ್ಲಿ ಯಾವ ಜಗಳವೂ ಇಲ್ಲದೆ ಒಪ್ಪಿದ್ದೇವೆ. ಅಂದಮೇಲೆ, ಅಂಕದ ಹಿಂದಿರುವ ಬದುಕನ್ನು ನೋಡಬೇಕೆಂಬ ತತ್ತ್ವವನ್ನೂ ಒಪ್ಪಿದಂತಾಯಿತು. ಹೊಲದ ಅನುಭವಕ್ಕೆ ತೂಕ ಕೊಡುವ ನಾವು, ಊರ ಹೊರಗೆ ನಿಲ್ಲಿಸಲ್ಪಟ್ಟವನ ಅನುಭವಕ್ಕೆ ತೂಕವಿಲ್ಲವೆಂದರೆ ಹೇಗೆ?

ಇಷ್ಟನ್ನು ಹೇಳುವುದು ಸುಲಭ. ಆದರೆ ಈ ವಿಷಯದಲ್ಲಿ ಮಾತನಾಡುವವನು ತನ್ನ ಮನೆಯ ಲೆಕ್ಕವನ್ನೂ ಒಪ್ಪಿಸಬೇಕು.

ನಾನು ಮಳವಳ್ಳಿ ಕಡೆಯವನು. ನಾಲೆಯ ಕೊನೆಯ ಭಾಗದವನು. ಮೇಲಿನವರ ಗದ್ದೆ ತುಂಬಿ ಉಳಿದದ್ದು ನಮಗೆ. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ನಮ್ಮ ತಂದೆ ರಾತ್ರಿ ಲಾಂದ್ರ ಹಿಡಿದು ಏರಿಯ ಮೇಲೆ ಮೈಲಿಗಟ್ಟಲೆ ನಡೆದು, ಮೇಲೆ ಯಾರು ಕಳ್ಳತೂಬು ತೆರೆದಿದ್ದಾರೆಂದು ನೋಡಿ ಬರುತ್ತಿದ್ದರು. ಬೆಳಗ್ಗೆ ಅವರು ಹಾಕುತ್ತಿದ್ದ ಶಾಪ ಇನ್ನೂ ನನ್ನ ಕಿವಿಯಲ್ಲಿದೆ. 1977ರ ಆದೇಶದ ನಂತರದ ವರ್ಷಗಳಲ್ಲಿ ಹಿಂದುಳಿದ ವರ್ಗದ ಪಟ್ಟಿಯಲ್ಲಿ ನನಗೆ ಎಂ.ಎ. ತರಗತಿಯಲ್ಲಿ ಸ್ಥಳ ಸಿಕ್ಕಿತು. ಅದಿಲ್ಲದಿದ್ದರೆ ಇಂದು ನಿಮ್ಮೆದುರು ಈ ಮಾತನ್ನಾಡುವ ಪ್ರಾಧ್ಯಾಪಕನಿರುತ್ತಿರಲಿಲ್ಲ.

ವರ್ಷಗಳು ಕಳೆದು ನನ್ನ ಮಗಳ ಸರದಿ ಬಂದಿತು. 1992ರ ಇಂದ್ರಾ ಸಾಹ್ನಿ ತೀರ್ಪಿನ ತರುವಾಯ ಹಿಂದುಳಿದ ವರ್ಗಗಳಲ್ಲಿ ಮುಂದುವರಿದವರನ್ನು, ಅಂದರೆ ಕೆನೆಪದರವನ್ನು, ಬೇರ್ಪಡಿಸುವ ನಿಯಮವಿತ್ತು. ಪ್ರಾಧ್ಯಾಪಕನ ಮಗಳು ಆ ಕೆನೆಯಲ್ಲಿ ಸೇರಿದಳು. ಕೆಲವೇ ಅಂಕಗಳಿಂದ ಅವಳಿಗೆ ಸೀಟು ತಪ್ಪಿತು. “ಅಪ್ಪ, ನಿಮಗೆ ನ್ಯಾಯವಾದದ್ದು ನನಗೆ ಹೇಗೆ ಅನ್ಯಾಯವಾಯಿತು?” ಎಂದಳು. ಪರಿಚಿತರೊಬ್ಬರು ಬಂದು, ಆದಾಯದ ಪ್ರಮಾಣಪತ್ರವನ್ನು ತಾವು ಸರಿಮಾಡಿಸಿ ಕೊಡುವುದಾಗಿ ಹೇಳಿದರು. ಎಲ್ಲರೂ ಮಾಡುತ್ತಾರೆ ಮೇಷ್ಟ್ರೇ ಎಂಬ ಸಮಾಧಾನವೂ ಜೊತೆಗಿತ್ತು. ನಾನು ಕೂಡಲೇ ಇಲ್ಲವೆನ್ನಲಿಲ್ಲ. ಒಂದು ರಾತ್ರಿ ಯೋಚಿಸುತ್ತೇನೆಂದೆ. ಆ ರಾತ್ರಿ ನೆನಪಾದದ್ದು ತಂದೆಯ ಲಾಂದ್ರ. ಕಳ್ಳತೂಬು ಈಗ ನನ್ನ ಕೈಯಲ್ಲಿತ್ತು. ಕೆಳಗೆ ಯಾರದೋ ಗದ್ದೆ ಒಣಗಬೇಕು. ಬೆಳಗ್ಗೆ ಬೇಡವೆಂದೆ. ಮಗಳು ಕೆಲವು ದಿನ ನನ್ನೊಡನೆ ಮಾತನಾಡಲಿಲ್ಲ. ಬೇರೆ ವಿಷಯ ತೆಗೆದುಕೊಂಡು ಓದಿದಳು.

ಇದನ್ನು ತ್ಯಾಗವೆಂದು ಹೇಳಿಕೊಳ್ಳಲು ಹೊರಟಿಲ್ಲ. ನನ್ನ ಮನೆಯಲ್ಲಿ ಪುಸ್ತಕವಿತ್ತು, ದೀಪವಿತ್ತು, ಕೇಳಿದರೆ ಹೇಳಿಕೊಡುವವರಿದ್ದರು. ಆದರೆ ಒಂದು ಎಚ್ಚರಿಕೆ ಅಗತ್ಯ. ನನ್ನ ಮನೆಗೆ ಸಲ್ಲುವ ಈ ಲೆಕ್ಕವನ್ನು ಪರಿಶಿಷ್ಟರ ಮನೆಗೆ ಹಾಗೆಯೇ ಒಯ್ಯಲಾಗದು. ಸಂಬಳ ಬಂದ ಮಾತ್ರಕ್ಕೆ ಅಸ್ಪೃಶ್ಯತೆ ಅಳಿಯುವುದಿಲ್ಲ. ಅಧಿಕಾರಿಯಾದ ಮೇಲೂ ಬಾಡಿಗೆಯ ಮನೆ ಸಿಗದೆ ಅಲೆದ ನನ್ನ ಶಿಷ್ಯನೊಬ್ಬನನ್ನು ನಾನು ಬಲ್ಲೆ. ಅಲ್ಲಿ ಕೊನೆಯ ಗದ್ದೆಯನ್ನು ಮುಟ್ಟುವ ದಾರಿ ಬೇರೆ. ಪರಿಶಿಷ್ಟ ಜಾತಿಗಳೊಳಗೆ ಒಳಮೀಸಲಾತಿ ಕಲ್ಪಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2024ರ ಆಗಸ್ಟಿನಲ್ಲಿ ಹೇಳಿರುವುದು ಆ ದಿಕ್ಕಿನ ಮಾತು.

ಬಹುಕಾಲದ ಮೇಲೆ ಮಗಳೇ ಒಂದು ಮಾತು ಹೇಳಿದಳು. ತನ್ನ ಸೀಟನ್ನು ಕಸಿದುಕೊಂಡವಳೆಂದು ತಾನು ಯಾವಳೋ ಹುಡುಗಿಯ ಮೇಲೆ ವರ್ಷವಿಡೀ ಸಿಟ್ಟಾಗಿದ್ದಳಂತೆ. ಸೀಟುಗಳೇ ಏಕೆ ಅಷ್ಟು ಕಡಿಮೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲವಂತೆ. ಮಾತು ನಿಜ. ನಾಲೆಯಲ್ಲಿ ನೀರು ಸಣ್ಣದಾದಾಗಲೇ ನೆರೆಯ ಗದ್ದೆಯವರು ಗುದ್ದಲಿ ಎತ್ತುವುದು. ಒಳ್ಳೆಯ ಸರ್ಕಾರಿ ಕಾಲೇಜುಗಳು ಹೆಚ್ಚಬೇಕು. ಅದಕ್ಕಿಂತ ಮೊದಲು ಹಳ್ಳಿಯ ಶಾಲೆಗೆ ಮೇಷ್ಟ್ರು ಬರಬೇಕು. ವಿದ್ಯೆಯನ್ನು ಕೊಡೋಣ ಎಂದ ವಿಶ್ವೇಶ್ವರಯ್ಯನವರ ಮಾತನ್ನು ನಾವು ಪೂರ್ತಿ ನಡೆಸಿದ್ದಿದ್ದರೆ ಮಿಲ್ಲರ್ ಸಮಿತಿಯ ಪ್ರಶ್ನೆ ಇಷ್ಟು ಕಾಲ ಉಳಿಯುತ್ತಿರಲಿಲ್ಲವೇನೋ. ನಡೆಸಲಿಲ್ಲವಾದ್ದರಿಂದ ಅದು ಉಳಿದಿದೆ. ಉಳಿದಿರುವಷ್ಟು ಕಾಲ ಮೀಸಲಾತಿಯೂ ಇರಬೇಕಾದದ್ದೇ.

ಈ ನಾಲೆಯ ಕಡೆ ಬಂದಾಗ ಒಮ್ಮೆ ಏರಿಯ ಮೇಲೆ ನಿಂತು ನೋಡಿ. ಮೊದಲ ತೂಬಿನ ಬಳಿ ನಿಂತವನಿಗೆ ನಾಲೆ ಯಾವಾಗಲೂ ತುಂಬಿರುವಂತೆಯೇ ಕಾಣುತ್ತದೆ. ನೀರುಗಂಟಿಯ ಕೆಲಸವನ್ನು ಅಳೆಯಬೇಕಾದದ್ದು ಅಲ್ಲಿಂದಲ್ಲ, ಮಳವಳ್ಳಿಯ ಕೊನೆಯ ಗದ್ದೆಯಿಂದ.