ಬಾಲವಾದ್ಯವೃಂದದ ಬೋಧನೆ



ಕಲಿಸಹೊರಟವನು ಮೊದಲು ನೋಡುವುದನ್ನು ಕಲಿಯತಕ್ಕದ್ದು. ಎಳೆಯ ಮಕ್ಕಳಿಗೆ ತಂತಿವಾದ್ಯಗಳ ಮೇಳವನ್ನು ಕಲಿಸುವ ಕಾರ್ಯದಲ್ಲಿ ಈ ಮಾತು ಎಷ್ಟು ನಿಜವೆಂಬುದು ಆ ಬೋಧನೆಯ ಚರಿತ್ರೆಯಿಂದಲೇ ವಿದಿತವಾಗುತ್ತದೆ.

ಇಂಗ್ಲೆಂಡಿನ ಮೇಡ್‌ಸ್ಟನ್ ಪಟ್ಟಣದ ಶಾಲೆಯೊಂದರಲ್ಲಿ 1897ರಲ್ಲಿ ಮಕ್ಕಳಿಗೆ ಪಿಟೀಲನ್ನು ಗುಂಪಾಗಿ ಕಲಿಸುವ ಕ್ರಮವು ಆರಂಭವಾಯಿತು. ಅದುವರೆಗೆ ಅದು ಬಹುಮಟ್ಟಿಗೆ ಒಬ್ಬ ಗುರುವು ಒಬ್ಬ ಶಿಷ್ಯನಿಗೆ ಹೇಳಿಕೊಡುವ, ಉಳ್ಳವರಿಗೆ ಮಾತ್ರ ನಿಲುಕುವ ವಿದ್ಯೆಯಾಗಿದ್ದಿತು. ಮರ್ಡಾಕ್ ಎಂಬ ವ್ಯಾಪಾರ ಸಂಸ್ಥೆಯು ಅಗ್ಗದ ವಾದ್ಯಗಳನ್ನು ಒದಗಿಸಲು, ಈ ಕ್ರಮವು ಸಾವಿರಾರು ಶಾಲೆಗಳಿಗೆ ಹಬ್ಬಿತು. 1910ರಲ್ಲಿ ಅಮೆರಿಕದ ಬಾಸ್ಟನ್ ನಗರದ ಆಲ್ಬರ್ಟ್ ಮಿಚೆಲ್ ಎಂಬ ಅಧ್ಯಾಪಕರು ಸಮುದ್ರವನ್ನು ದಾಟಿ ಬಂದು, ಆ ತರಗತಿಗಳನ್ನು ಕಣ್ಣಾರೆ ಕಂಡು, ಹಿಂದಿರುಗಿದ ಮೇಲೆಯೇ ತಮ್ಮೂರಿನ ಶಾಲೆಗಳಲ್ಲಿ ಅಂತಹ ಪಾಠಗಳನ್ನು ತೊಡಗಿದರು. ನೋಡಿದುದು ಮೊದಲು, ಕಲಿಸಿದುದು ಆಮೇಲೆ.

ಈಗ ಅಮೆರಿಕದ ಅನೇಕ ಶಾಲೆಗಳಲ್ಲಿ ನಾಲ್ಕನೆಯ ಇಲ್ಲವೆ ಐದನೆಯ ತರಗತಿಯ ಮಕ್ಕಳು ಪಿಟೀಲು, ವಯೋಲ, ಚೆಲೊ, ಡಬಲ್ ಬಾಸ್ ಎಂಬ ನಾಲ್ಕು ವಾದ್ಯಗಳನ್ನು ಒಂದೇ ಕೊಠಡಿಯಲ್ಲಿ ಕಲಿಯತೊಡಗುತ್ತಾರೆ. ಪಿಟೀಲಿನ ತಂತಿಗಳು ಜಿ, ಡಿ, ಎ, ಇ. ವಯೋಲ ಮತ್ತು ಚೆಲೊಗಳವು ಸಿ, ಜಿ, ಡಿ, ಎ. ಬಾಸಿನವು ಇ, ಎ, ಡಿ, ಜಿ. ಡಿ ಮತ್ತು ಎ ತಂತಿಗಳು ನಾಲ್ಕಕ್ಕೂ ಇರುವುದರಿಂದ ಮೊದಲ ಪಾಠಗಳು ಸಾಮಾನ್ಯವಾಗಿ ಅವುಗಳ ಮೇಲೆಯೇ ನಡೆಯುತ್ತವೆ. ಮಕ್ಕಳು ಮೊದಲು ಬೆರಳಿನಿಂದ ತಂತಿಯನ್ನು ಮೀಟುವರು. ಕಮಾನನ್ನು ಹಿಡಿಯುವ ಬಗೆಯನ್ನು ಪೆನ್ಸಿಲಿನ ಮೇಲೆ ಅಭ್ಯಾಸ ಮಾಡುವರು. ಈ ವಾದ್ಯಗಳಿಗೆ ವೀಣೆಯಂತೆ ಮೆಟ್ಟಿಲುಗಳಿಲ್ಲ. ಬೆರಳು ತುಸು ಸರಿದರೂ ಸ್ವರವು ಕೆಡುವುದು. ಗುರುತಿಗಾಗಿ ಅಂಟಿಸಿದ ಪಟ್ಟಿಯು ಕಣ್ಣಿಗೆ ಆಧಾರವಾದೀತೇ ಹೊರತು ಕಿವಿಯ ಕೆಲಸವನ್ನು ಮಾಡಲಾರದು.

ಇಲ್ಲಿಯೇ ಅಪಾಯವಡಗಿದೆ. ಮೂವತ್ತು ಮಕ್ಕಳು ಕೂಡಿ ನುಡಿಸುತ್ತಿರುವಾಗ, ಹಿಂದಿನ ಸಾಲಿನ ಒಂದು ಮಗುವು ತಪ್ಪಿಗೆ ಅಂಜಿ ಕಮಾನನ್ನು ತಂತಿಗೆ ತಾಗಿಯೂ ತಾಗದಂತೆ ಎಳೆಯುವುದುಂಟು. ಮುಂದೆ ನಿಂತು ಸ್ವರಪತ್ರವನ್ನೇ ನೋಡುತ್ತಿರುವ ಅಧ್ಯಾಪಕನಿಗೆ ಮೇಳವು ಸುಸ್ವರವಾಗಿಯೇ ಕೇಳಿಸುವುದು. ವರ್ಷಾಂತ್ಯಕ್ಕೆ ಆ ಮಗುವು ವಾದ್ಯವನ್ನು ಹಿಂದಿರುಗಿಸುವುದು; ಕಾರಣವೇನೆಂದು ಯಾರೂ ಅರಿಯರು.

ಬಲ್ಲ ಅಧ್ಯಾಪಕನು ತನ್ನ ಸ್ಥಾನವನ್ನು ಬಿಟ್ಟು ಸಾಲುಗಳ ನಡುವೆ ಸುಳಿದಾಡುವನು. ಹೆಬ್ಬೆರಳು ಬಿಗಿದಿದೆಯೇ, ಹೆಗಲು ಮೇಲೆದ್ದಿದೆಯೇ, ಬಿರಡೆ ಸಡಿಲಿದೆಯೇ ಎಂದು ನೋಡುವನು. ಎಷ್ಟೋ ಸಲ ದೋಷವು ಮಗುವಿನದಲ್ಲ, ವಾದ್ಯದ ಅಳತೆಯದು. ಕಾಲು, ಅರ್ಧ, ಮುಕ್ಕಾಲು ಎಂಬ ಅಳತೆಗಳ ಪಿಟೀಲುಗಳಿರುವುದು ಬೆಳೆಯುವ ತೋಳುಗಳಿಗಾಗಿಯೇ. ಬಳಿಕ ನಾಲ್ವರು ನಾಲ್ವರಾಗಿ ನುಡಿಸಹೇಳಿ ಉಳಿದವರನ್ನು ಆಲಿಸಹೇಳಿದರೆ, ಅಡಗಿದ ಮಗುವಿನ ಕಮಾನೂ ತಂತಿಗೆ ತಾಗುವುದು. ಆಗ ಕೇಳಿಬರುವ ನಾದವು ಒರಟಾಗಿರಬಹುದು. ಆದರೆ ಅದು ಆ ಮಗುವಿನದೇ ನಾದ. ತಿದ್ದಲು ಬರುವುದು ಅದನ್ನೇ, ಮೌನವನ್ನಲ್ಲ.

ಆದುದರಿಂದ ಮಹಾಶಯರೇ, ಬಾಲಮೇಳದ ಯೋಗ್ಯತೆಯನ್ನು ಮುಂದಿನ ಸಾಲಿನ ಜಾಣನ ನಾದದಿಂದ ಅಳೆಯಲಾಗದು. ಕೊನೆಯ ಸಾಲಿನ ಅಂಜುಕುಳಿಯು ಮರುವರ್ಷವೂ ವಾದ್ಯವನ್ನು ಹಿಡಿದು ಬಂದನೇ ಎಂಬುದೇ ಅದರ ನಿಜವಾದ ಒರೆಗಲ್ಲು.